ಫ್ಯಾನಿಗೆ ಸುತ್ತಿಕೊಂಡ ರೇಷ್ಮೆ

ಎರಡು ವರ್ಷದ ಹಿಂದಿನ ಮಾತು. ಕಾರ್ತೀಕ ಮುಗಿದು ಒಂದು ವಾರವಾಗಿತ್ತು. ಬಂಗಾಳಕೊಲ್ಲಿಯಲ್ಲಿ ಅದೇನೋ ವಾಯುಭಾರ ಕುಸಿತವಂತೆ, ನಮ್ಮ ಮಡಕಶಿರಾ ಕಡೆ ಮೂರು ದಿನದಿಂದ ಸೂರ್ಯನ ಮುಖ ಕಂಡಿರಲಿಲ್ಲ. ಮಳೆ ಅಂದರೆ ಮಳೆಯೂ ಅಲ್ಲ, ಬರೀ ಜಿನುಗು. ಜೊತೆಗೆ ಮೂಳೆಗೆ ಇಳಿಯುವ ಥಂಡಿ ಗಾಳಿ. ಬಿಸಿಲಲ್ಲೇ ಹುಟ್ಟಿ ಬಿಸಿಲಲ್ಲೇ ಬೆಳೆದ ನಮ್ಮಂಥವರಿಗೆ ಇಂಥ ಹವೆ ಬಂದರೆ ಕೈಕಾಲೇ ಆಡುವುದಿಲ್ಲ. ಆದರೆ ನಾನು ಅಂದೇ ಕಾರು ತೆಗೆದುಕೊಂಡು ರಾಯದುರ್ಗದ ಕಡೆಗೆ ಹೊರಡಬೇಕಾಗಿತ್ತು. ಕಾರಿನ ಹಿಂದೆ, ಸೀಟು ಮಡಚಿದ ಜಾಗದಲ್ಲಿ, ನನ್ನ ತಂಗಿಯ ರೇಷ್ಮೆ ಹುಳುಗಳಿದ್ದವು.

ತಂಗಿ ಶಾರದಳನ್ನು ಕೊಟ್ಟಿರುವುದು ಗುಮ್ಮಘಟ್ಟದ ಹತ್ತಿರದ ಒಂದು ಹಳ್ಳಿಗೆ. ನಮ್ಮ ಅಮರಾಪುರದ ಕಡೆ ಹಿಪ್ಪುನೇರಳೆ ಇಲ್ಲದ ಊರಿಲ್ಲ. ಅವರ ಕಡೆ ಶೇಂಗಾ ಬಿಟ್ಟರೆ ಕುರಿ, ಕುರಿ ಬಿಟ್ಟರೆ ಶೇಂಗಾ. ತವರಿನಲ್ಲಿ ಕಲಿತ ಕೆಲಸವನ್ನು ಗಂಡನ ಮನೆಯಲ್ಲೂ ಮಾಡಿ ತೋರಿಸಬೇಕು ಅಂತ ಅವಳಿಗೆ ಹಟ. ಗಂಡ ಮಲ್ಲಿಕಾರ್ಜುನನನ್ನು ಒಪ್ಪಿಸಿ ತೋಟ ಹಾಕಿಸಿದಳು, ಹುಳುಮನೆ ಕಟ್ಟಿಸಿದಳು. ಒಪ್ಪದವರು ಅವಳ ಮಾವ. ಬೆಳಗಿನ ಪೂಜೆ ಆಗದೆ ನೀರು ಕೂಡ ಬಾಯಿಗೆ ಹಾಕದ ಹಿರಿಯರು ಅವರು. "ಸಾಕಿ ಸಲಹಿ ಕಡೀಗೆ ಕುದಿಯೋ ನೀರಿಗೆ ಹಾಕೋ ಕಸಬು ನಮಗ್ಯಾಕ?" ಅನ್ನುವುದು ಅವರ ವಾದ. ವರ್ಷವಿಡೀ ಜಗ್ಗಾಡಿ ಕೊನೆಗೆ ಒಂದು ಮಾತಿಗೆ ಬಂದಿದ್ದರು. "ಒಂದು ಸಲ ತರ್ರಿ. ಚಲೋ ಬಂದ್ರ ಮುಂದ ನೋಡೋಣು. ದಾರ್ಯಾಗ ಸತ್ವು ಅಂದ್ರ ಅದು ಶಿವನ ಮಾತು ಅಂತ ತಿಳಕೊಂಡು ತೋಟ ಕಿತ್ತು ಶೇಂಗಾ ಹಾಕ್ಬೇಕು."

ಹುಳು ಸಾಕದವರಿಗಾಗಿ ಒಂದೆರಡು ಮಾತು ಹೇಳಬೇಕು. ಮೊಟ್ಟೆಯೊಡೆದ ಹುಳುವನ್ನು ಮೊದಲ ಎಂಟು ಹತ್ತು ದಿನ ಚಾಕಿ ಕೇಂದ್ರದಲ್ಲಿ ಸಾಕಿ ಆಮೇಲೆ ರೈತರಿಗೆ ಕೊಡುತ್ತಾರೆ. ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಸೊಪ್ಪು ತಿನ್ನುವುದಿಲ್ಲ, ತಲೆ ಎತ್ತಿ ಅಲ್ಲಾಡದೆ ಕೂತುಬಿಡುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಎರಡನೇ ಜ್ವರಕ್ಕೆ ಕೂತ ಹುಳುವನ್ನು ಸಾಗಿಸುವುದು ರೂಢಿ. ಆ ಹೊತ್ತಿನಲ್ಲಿ ಅದಕ್ಕೆ ಬೆಚ್ಚಗೆ, ಒಣಗಿದ ಗಾಳಿ ಬೇಕು. ಥಂಡಿ ಹೊಡೆಯಿತೋ, ಕೆಲವು ಏಳುತ್ತವೆ, ಕೆಲವು ಏಳುವುದಿಲ್ಲ, ಎದ್ದವೂ ರೋಗ ಹಿಡಿದು ಕಪ್ಪಾಗುತ್ತವೆ. ಬಾಣಂತಿಯನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳಬೇಕು.

ನಮ್ಮ ಯಜಮಾನರು ಮನೆಯಲ್ಲಿದ್ದ ನಮ್ಮದೇ ಹುಳು ಬಿಟ್ಟು ಬರುವ ಹಾಗಿರಲಿಲ್ಲ. ಕಾರು ಓಡಿಸುವುದು ನನಗೂ ಬರುತ್ತದೆ. ಮಲ್ಲಿಕಾರ್ಜುನ ಹಿಂದಿನ ದಿನ ಸಂಜೆಯೇ ಬಸ್ಸಿನಲ್ಲಿ ಬಂದು ನಮ್ಮ ಮನೆಯಲ್ಲಿ ಉಳಿದಿದ್ದ. ಬೆಳಗ್ಗೆ ಚಾಕಿ ಕೇಂದ್ರದಲ್ಲಿ ಟ್ರೇಗಳನ್ನು ಜೋಡಿಸಿಕೊಂಡು ಹೊರಟೆವು. ಪಾವಗಡ ದಾಟಿ, ಕಲ್ಯಾಣದುರ್ಗ ಹಿಡಿದು, ಅಲ್ಲಿಂದ ರಾಯದುರ್ಗದ ರಸ್ತೆ.

ನಮ್ಮದು ಹಳೇ ಕಾರು. ಅದರಲ್ಲಿ ಹೀಟರ್ ಅಂತ ಒಂದಿದೆ ಅನ್ನುವುದು ಗೊತ್ತಿತ್ತು, ಅದರ ಗುಂಡಿಯನ್ನು ಕೆಂಪು ಬಣ್ಣದ ಕಡೆಗೆ ಅಂದಿನವರೆಗೂ ತಿರುಗಿಸಿದವರಿರಲಿಲ್ಲ. ಅನಂತಪುರದ ಸೀಮೆಯಲ್ಲಿ ಕಾರಿಗೆ ಹೀಟರ್ ಹಾಕಿಸುವುದೂ ಒಂದೇ, ಮೀನಿಗೆ ಈಜು ಕಲಿಸುವುದೂ ಒಂದೇ ಅಂತ ನಗುತ್ತಿದ್ದೆವು. ಅಂದು ಅದನ್ನು ತಿರುಗಿಸಿದೆ. ಹಿತವಾದ ಬಿಸಿಗಾಳಿ ಬಂತು. ಗಾಜಿನ ಮೇಲೆ ಕಟ್ಟಿದ್ದ ಮಂಜು ಕರಗಿತು. ಮಲ್ಲಿಕಾರ್ಜುನ ಹಿಂದಕ್ಕೆ ತಿರುಗಿ ಟ್ರೇಗಳಿಗೆ ಹೊದಿಸಿದ್ದ ಬಟ್ಟೆ ಮುಟ್ಟಿ ನೋಡಿ, "ಅರಾಮ ಅದಾವ್ರಿ ಅಕ್ಕಾರ, ನಮಗಿಂತ ಅವೇ ಅರಾಮ ಅದಾವ" ಅಂದ. ನನಗೂ ಖುಷಿಯಾಯಿತು.

ಆ ಖುಷಿ ಪಾವಗಡ ದಾಟುವವರೆಗೆ. ಆಮೇಲೆ ಫ್ಯಾನಿನ ಸದ್ದು ಬದಲಾಯಿತು. ಮೊದಲು ಗುಂಯ್ ಅಂತಿದ್ದದ್ದು ಕಿರ್ ಅನ್ನಲು ಶುರುವಾಯಿತು. ವೇಗ ಒಂದರಲ್ಲಿಟ್ಟರೆ ಗಾಳಿಯಿಲ್ಲ, ಎರಡು, ಮೂರರಲ್ಲೂ ಇಲ್ಲ. ನಾಲ್ಕಕ್ಕೆ ತಿರುಗಿಸಿದಾಗ ನರಳುತ್ತಾ ಸ್ವಲ್ಪ ಹೊತ್ತು ತಿರುಗಿತು. ಕಲ್ಯಾಣದುರ್ಗ ಇನ್ನೂ ದೂರವಿರುವಾಗ ಏನೋ ಸುಟ್ಟ ವಾಸನೆ ಬಂದು ಪೂರ್ತಿ ನಿಂತುಹೋಯಿತು. ಎರಡು ನಿಮಿಷಕ್ಕೆ ಮುಂದಿನ ಗಾಜು ಹಾಲು ಬಳಿದ ಹಾಗೆ ಬೆಳ್ಳಗಾಯಿತು. ಬಟ್ಟೆಯಿಂದ ಒರೆಸಿದರೆ ಮತ್ತೆ ಕಟ್ಟುತ್ತದೆ. ಕಿಟಕಿ ಇಳಿಸಿದರೆ ಗಾಜು ತಿಳಿಯಾಗುತ್ತದೆ, ಆದರೆ ಒದ್ದೆ ಗಾಳಿ ನೇರ ಹುಳುವಿನ ಮೇಲೆ ಹೊಡೆಯುತ್ತದೆ. ಕಿಟಕಿ ಹಾಕಿದರೆ ನನಗೆ ದಾರಿ ಕಾಣುವುದಿಲ್ಲ. ಅತ್ತ ದರಿ, ಇತ್ತ ಪುಲಿ.

ಎದುರಿನಿಂದ ಬಂದ ಲಾರಿಯೊಂದು ಹಾರ್ನ್ ಬಾರಿಸುತ್ತಾ ಮಗ್ಗುಲಲ್ಲೇ ಹೋಯಿತು. ಇನ್ನು ಆಗದು ಅಂತ, ರಸ್ತೆ ಪಕ್ಕದಲ್ಲಿ ಕಂಡ ಒಂದು ಟೀ ಅಂಗಡಿಯ ಮುಂದೆ ನಿಲ್ಲಿಸಿದೆ.

"ಅಕ್ಕಾರ, ಇನ್ನೊಂದು ಕಾರು ಮಾಡೋಣೇನ್ರಿ?" ಅಂದ ಮಲ್ಲಿಕಾರ್ಜುನ.

"ಕಾರು ಹುಡುಕಿ, ಅದು ಬಂದು, ಟ್ರೇ ಎಲ್ಲಾ ಬದಲಾಯಿಸೋ ಅಷ್ಟ್ರಲ್ಲಿ ಜ್ವರ ಬಿಟ್ಟು ಹುಳ ಏಳ್ತವೆ. ಎದ್ದ ಮೇಲೆ ಸೊಪ್ಪು ಬೇಕು. ಸೊಪ್ಪು ನಿಮ್ಮೂರಲ್ಲೈತೆ. ಸುಮ್ಕಿರಿ, ನೋಡಾನ" ಅಂದೆ. ಧೈರ್ಯದಿಂದ ಹೇಳಿದ್ದಲ್ಲ, ಸಿಟ್ಟಿನಿಂದ ಹೇಳಿದ್ದು. ನನಗೆ ಯಾವುದಾದರೂ ಯಂತ್ರ ಕೈಕೊಟ್ಟರೆ ಮೊದಲು ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ.

ಕಾರಿನ ರಿಪೇರಿ ನನಗೆ ಬರುವುದಿಲ್ಲ. ಆದರೆ ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆ, ಮನೆಯ ಮಿಕ್ಸಿ, ಹುಳುಮನೆಯ ಫ್ಯಾನು, ಇವನ್ನೆಲ್ಲ ಬಿಚ್ಚಿ ಕಟ್ಟಿದ ಕೈ ಇದು. ಹಾಗಾಗಿ ಸ್ಕ್ರೂಡ್ರೈವರು, ಕಟಿಂಗ್ ಪ್ಲೇಯರು ಕಾರಿನಲ್ಲಿ ಯಾವಾಗಲೂ ಇರುತ್ತವೆ. ಮೊದಲು ಫ್ಯೂಸ್ ನೋಡೋಣ ಅಂತ ಸ್ಟೇರಿಂಗಿನ ಕೆಳಗಿದ್ದ ಮುಚ್ಚಳ ತೆಗೆದೆ. ಮುಚ್ಚಳದ ಒಳಗೆ ಯಾವುದು ಯಾವುದರ ಫ್ಯೂಸ್ ಅಂತ ಚಿತ್ರ ಬರೆದಿತ್ತು. ಫ್ಯಾನಿನ ಚಿತ್ರದ ಜಾಗದಲ್ಲಿದ್ದ ಹಸಿರು ಫ್ಯೂಸನ್ನು ಎಳೆದು ಬೆಳಕಿಗೆ ಹಿಡಿದೆ. ಒಳಗಿನ ತಂತಿ ಕರಗಿಹೋಗಿತ್ತು. ಅಯ್ಯೋ ಇಷ್ಟೇನಾ ಅಂತ ನಗು ಬಂತು. ಮುಚ್ಚಳದಲ್ಲೇ ಅಂಥದೇ ಒಂದು ಹೆಚ್ಚಿನ ಫ್ಯೂಸ್ ಸಿಕ್ಕಿಸಿದ್ದರು. ಅದನ್ನು ಹಾಕಿ ಗುಂಡಿ ತಿರುಗಿಸಿದೆ. ಚಟ್ ಅಂತು. ಅದೂ ಹೋಯಿತು.

ನಗು ಬಂದಷ್ಟೇ ಬೇಗ ಇಳಿಯಿತು. ಮಲ್ಲಿಕಾರ್ಜುನ, "ಒಂದು ದಪ್ಪ ತಂತಿ ಸುತ್ತಿ ಹಾಕ್ರಿ ಅಕ್ಕಾರ. ನಮ್ಮ ಹೊಲದಾಗ ಹಂಗ ಮಾಡ್ತೀವಿ, ಎಂದೂ ಹೋಗಂಗಿಲ್ಲ" ಅಂದ.

"ಫ್ಯೂಸ್ ಹೋಗಲ್ಲಪ್ಪ, ಮೋಟರ್ ಹೋಗುತ್ತೆ. ಹೋದ ವರ್ಷ ನಿಮ್ಮ ಬೋರಿನ ಮೋಟರ್ ಸುಟ್ಟಿದ್ದು ಯಾಕೆ ಅಂತ ಈಗ ಗೊತ್ತಾಯ್ತು" ಅಂದೆ.

ಆದರೆ ಅವನನ್ನು ಬೈಯುವಾಗಲೇ ನನ್ನ ತಲೆಗೆ ಹೊಳೆಯಿತು. ಬೋರಿನ ಮೋಟರಿಗೆ ಮರಳು ಸಿಕ್ಕಿ ಬಿಗಿಯಾದರೂ ಹೀಗೇ ತಾನೇ ಆಗುವುದು? ಮೋಟರ್ ತಿರುಗಲು ಒದ್ದಾಡುತ್ತದೆ, ಕರೆಂಟು ಎಳೆಯುತ್ತದೆ, ಫ್ಯೂಸ್ ಹಾರುತ್ತದೆ. ಹಾಗಾದರೆ ಈ ಫ್ಯಾನು ಸುಟ್ಟಿಲ್ಲ, ಇದನ್ನು ಏನೋ ಹಿಡಿದುಕೊಂಡಿದೆ. "ಆ ಸುಟ್ಟ ವಾಸನೆ ವೈರಿಂದೇನು?" ಅಂತ ಕೇಳಿದೆ.

"ವೈರಿಂದಲ್ರಿ. ವೈರ್ ಸುಟ್ರ ಪ್ಲಾಸ್ಟಿಕ್ ವಾಸನಿ ಬರ್ತೈತಿ. ಇದು ಕಂಬಳಿ ಸುಟ್ಟಂಗ ಇತ್ತು" ಅಂದ ಕುರಿ ಸೀಮೆಯ ಮಲ್ಲಿಕಾರ್ಜುನ.

ಕಂಬಳಿ ಸುಟ್ಟ ಹಾಗೆ ಅಂದರೆ ಕೂದಲು ಸುಟ್ಟ ಹಾಗೆ. ಕೂದಲು ಸುಟ್ಟ ಹಾಗೆ ವಾಸನೆ ಬರುವ ಇನ್ನೊಂದು ವಸ್ತು ಯಾವುದು ಅಂತ ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಸೀರೆ ಅಪ್ಪಟವೋ ಅಲ್ಲವೋ ಅಂತ ನೋಡಲು ಅಂಚಿನ ಎಳೆ ಸುಟ್ಟು ಮೂಸುತ್ತೇವಲ್ಲ. ರೇಷ್ಮೆ. ಪ್ರತಿ ಬೆಳೆಯ ಗೂಡನ್ನೂ ಹಿಂದೂಪುರದ ಮಾರುಕಟ್ಟೆಗೆ ಒಯ್ಯುವುದು ಇದೇ ಕಾರಿನಲ್ಲಿ. ಗೂಡಿನ ಮೇಲೆ ಹತ್ತಿಯಂಥ ನವಿರು ಎಳೆ ಇರುತ್ತದೆ, ಅಲ್ಲಾಡಿದರೆ ಹಾರುತ್ತದೆ. ಬೇಸಿಗೆಯಲ್ಲಿ ಧೂಳು ಬಾರದಿರಲಿ ಅಂತ ಹೊರಗಿನ ಗಾಳಿ ಮುಚ್ಚಿ ಎಸಿ ಹಾಕಿಕೊಳ್ಳುತ್ತಿದ್ದೆವು. ಫ್ಯಾನು ಕಾರಿನೊಳಗಿನ ಗಾಳಿಯನ್ನೇ ಎಳೆದುಕೊಂಡು ಎಳೆದುಕೊಂಡು ಇಷ್ಟು ವರ್ಷವೂ ನಮ್ಮ ರೇಷ್ಮೆಯನ್ನು ಸುತ್ತಿಕೊಂಡಿತ್ತು.

"ಸಿಕ್ಕಿಬಿತ್ತು ಕಣ್ರಿ" ಅಂತ ನಾನು ಕೂಗಿದ ಕೂಗಿಗೆ ಟೀ ಅಂಗಡಿಯವರೆಲ್ಲ ತಿರುಗಿ ನೋಡಿದರು. ಮಲ್ಲಿಕಾರ್ಜುನನಿಗೆ ಏನು ಸಿಕ್ಕಿತು ಅಂತ ಇನ್ನೂ ಅರ್ಥವಾಗಿರಲಿಲ್ಲ.

ಈಗ ಬಿಚ್ಚಬೇಕು. ಫ್ಯಾನು ಇರುವುದು ಎಡಗಡೆಯ ಸೀಟಿನ ಮುಂದೆ, ಸಾಮಾನಿಡುವ ಪೆಟ್ಟಿಗೆಯ ಹಿಂದೆ. ಬಾಗಿಲು ತೆರೆಯದೆ ಕೆಲಸವಾಗುವುದಿಲ್ಲ, ತೆರೆದರೆ ಥಂಡಿ ಒಳಗೆ. ಟ್ರೇಗಳನ್ನು ಅಂಗಡಿಯೊಳಗೆ ಇಡೋಣವೆಂದರೆ ಅಲ್ಲಿ ನಾಲ್ಕು ಜನ ಬೀಡಿ ಸೇದುತ್ತಿದ್ದರು. ತಂಬಾಕಿನ ಹೊಗೆ ಹುಳುವಿಗೆ ವಿಷ. ನಾನು ನಿಂತಲ್ಲೇ ಕೈ ಹಿಸುಕಿಕೊಳ್ಳುವುದನ್ನು ಕಂಡು ಅಂಗಡಿಯ ಹೆಂಗಸು, "ಏಮೈಂದಮ್ಮಾ?" ಅಂತ ಬಂದಳು. ಏನಾಯಿತು ಅಂತ ನಾನು ತೆಲುಗಿನಲ್ಲೇ ಎಲ್ಲ ಹೇಳಿದೆ. ಅವಳು ಕಾರಿನೊಳಗೆ ಬಗ್ಗಿ, ನಾನು ಬಟ್ಟೆಯ ಅಂಚು ಎತ್ತಿ ತೋರಿಸಿದ ಹುಳುಗಳನ್ನು ನೋಡಿ, ಅಂಗಡಿಯ ಕಡೆ ತಿರುಗಿ "ಬೀಡೀಲು ಆರ್ಪಂಡಿ" ಅಂತ ಗದರಿದಳು. ನಾಲ್ಕೂ ಬೀಡಿಗಳು ಆರಿದವು. ಆಮೇಲೆ ಒಳಗಿನಿಂದ ಗಂಡನ ಕಂಬಳಿ ತಂದು ಕೊಟ್ಟಳು. ನಾನು ಅದನ್ನು ಮೂಗಿಗೆ ಹಿಡಿದು ಮೂಸಿ ನೋಡಿದೆ. ಅವಳಿಗೆ ಸ್ವಲ್ಪ ಬೇಸರವಾಯಿತೇನೋ, ನಮ್ಮವರು ಬೀಡಿ ಮುಟ್ಟುವವರಲ್ಲ ಅಂದಳು. ಕುರಿಯ ವಾಸನೆ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಮುಂದಿನ ಸೀಟಿಗೂ ಹಿಂದಿನ ಜಾಗಕ್ಕೂ ನಡುವೆ ಕಂಬಳಿಯನ್ನು ಪರದೆಯ ಹಾಗೆ ಕಟ್ಟಿದೆವು. ಹುಳುಗಳಿಗೆ ಒಂದು ಕೋಣೆಯಾಯಿತು.

ಸಾಮಾನಿನ ಪೆಟ್ಟಿಗೆ ಕಳಚಿ, ಕೆಳಗೆ ಮಲಗಿ, ವೈರು ಬಿಡಿಸಿ, ಮೂರು ಸ್ಕ್ರೂ ತೆಗೆದಾಗ ಮೋಟರು ಚಕ್ರದ ಸಮೇತ ಕೈಗೆ ಬಂತು. ಕೂಲರಿನೊಳಗೆ ಇರುತ್ತದಲ್ಲ, ಅಂಥ ಉರುಟು ಚಕ್ರ. ಚಕ್ರಕ್ಕೂ ಮೋಟರಿಗೂ ನಡುವಿನ ಸಂದಿನಲ್ಲಿ ರೇಷ್ಮೆ ಧೂಳಿನ ಜೊತೆ ಬೆರೆತು, ಬಿಸಿಗೆ ಗಟ್ಟಿಯಾಗಿ, ಉಂಗುರದ ಹಾಗೆ ಕೂತಿತ್ತು. ಒಂದು ಕಡೆ ಕರಕಲಾಗಿತ್ತು. ಬೆರಳಿಂದ ಚಕ್ರ ತಿರುಗಿಸಿದರೆ ಮಿಸುಕಲಿಲ್ಲ. ಅಂಗಡಿಯವಳು ಬ್ಲೇಡು ಕೊಟ್ಟಳು, ಸಂದಿಗೆ ಹೋಗಲಿಲ್ಲ. ಎಳೆ ಹಿಡಿದು ಜಗ್ಗಿದೆ, ನನ್ನ ಬೆರಳು ಕುಯ್ದುಕೊಂಡಿತೇ ಹೊರತು ಎಳೆ ಹರಿಯಲಿಲ್ಲ. ನಮ್ಮ ರೇಷ್ಮೆ ಎಷ್ಟು ಗಟ್ಟಿ ಅಂತ ಮಾರುಕಟ್ಟೆಯಲ್ಲಿ ಜಂಬ ಕೊಚ್ಚಿಕೊಂಡವಳು ಅಂದು ಅದಕ್ಕೇ ಶಾಪ ಹಾಕಿದೆ.

ಅಷ್ಟರಲ್ಲಿ ಒಲೆಯ ಮೇಲೆ ಕುದಿಯುತ್ತಿದ್ದ ನೀರು ಕಣ್ಣಿಗೆ ಬಿತ್ತು. ನೂಲು ತೆಗೆಯುವವರು ಗೂಡಿನಿಂದ ಎಳೆ ಬಿಡಿಸುವುದು ಹೇಗೆ? ಕುದಿಯುವ ನೀರಿಗೆ ಹಾಕಿ ಅಂಟು ಕರಗಿಸಿ, ಪೊರಕೆಯಂಥ ಕುಂಚದಿಂದ ಎಳೆಯ ತುದಿ ಹಿಡಿಯುತ್ತಾರೆ. ಕಾರಿನೊಳಗಿದ್ದರೂ ರೇಷ್ಮೆ ರೇಷ್ಮೆಯೇ ಅಲ್ಲವೇ? ಒಂದು ಲೋಟ ಕುದಿಯುವ ನೀರು, ಕಡ್ಡಿಪೊರಕೆಯ ಎರಡು ಹೊಸ ಕಡ್ಡಿ ಕೇಳಿದೆ. ಮೋಟರಿಗೆ ನೀರು ಇಳಿಯಬಾರದು. ಅದಕ್ಕೆ ಮಲ್ಲಿಕಾರ್ಜುನನ ಕೈಯಲ್ಲಿ ಮೋಟರು ಮೇಲೆ, ಚಕ್ರ ಕೆಳಗೆ ಬರುವ ಹಾಗೆ ಹಿಡಿಸಿದೆ. ಬಟ್ಟೆಯ ಬತ್ತಿ ಅದ್ದಿ ಸಂದಿಗೆ ತಾಗಿಸುತ್ತಾ ಹೋದೆ. ಬಿಸಿ ಹನಿ ಅವನ ಕೈಮೇಲೆ ಬಿದ್ದಾಗಲೆಲ್ಲ "ಶಿವಾ, ಶಿವಾ" ಅನ್ನುತ್ತಿದ್ದ, ಆದರೆ ಕೈ ಅಲ್ಲಾಡಿಸಲಿಲ್ಲ.

ಅಂಟು ಬಿಟ್ಟಿತು. ಕಡ್ಡಿಯ ತುದಿಗೆ ಒಂದು ಎಳೆ ಸಿಕ್ಕಿತು. ಕಡ್ಡಿ ತಿರುಗಿಸಿದೆ, ಎಳೆ ಕಡ್ಡಿಗೆ ಸುತ್ತಿಕೊಳ್ಳುತ್ತಾ ಬಂತು. ಬಂತು, ಬಂತು, ಬರುತ್ತಲೇ ಇತ್ತು. ಬೀಡಿ ಆರಿಸಿದ ನಾಲ್ವರೂ ಟೀ ಲೋಟ ಹಿಡಿದುಕೊಂಡು ಸುತ್ತ ನಿಂತರು. ಕೊನೆಯ ಸಿಕ್ಕು ಉಂಡೆಯಾಗಿ ಕಳಚಿಕೊಂಡಾಗ ಚಕ್ರಕ್ಕೆ ಬೆರಳು ತಾಗಿಸಿದೆ. ಸುಯ್ ಅಂತ ತಿರುಗಿತು. ನಾನು ರಸ್ತೆಯ ಪಕ್ಕ ಎನ್ನುವುದನ್ನೂ ಮರೆತು ಮಲ್ಲಿಕಾರ್ಜುನನ ಬೆನ್ನಿಗೆ ಒಂದು ಗುದ್ದು ಕೊಟ್ಟೆ.

ಚೆನ್ನಾಗಿ ಒರೆಸಿ ಜೋಡಿಸಿದೆವು. ಈಗ ಫ್ಯೂಸ್ ಬೇಕು. ಸ್ಟೇರಿಂಗಿನ ಕೆಳಗಿನ ಫ್ಯೂಸ್ ಪೆಟ್ಟಿಗೆಯಲ್ಲಿ ಅಂಥದೇ ಹಸಿರು ಫ್ಯೂಸ್ ಇನ್ನೊಂದಿತ್ತು, ಕಿಟಕಿಯ ಗಾಜು ಏರಿಸಿ ಇಳಿಸುವುದರದ್ದು. ಗಾಜು ಹೇಗೂ ಇಳಿಸುವ ಹಾಗಿರಲಿಲ್ಲ. ಅದನ್ನು ಕಿತ್ತು ಇದಕ್ಕೆ ಹಾಕಿದೆ. ಇದೂ ಹೋದರೆ ಮುಂದೆ ದಾರಿಯಿಲ್ಲ. ಗುಂಡಿ ತಿರುಗಿಸಿದೆ. ಒಂದು, ಗಾಳಿಯಿಲ್ಲ. ಎರಡು, ಇಲ್ಲ. ಮೂರು, ಇಲ್ಲ. ಮಲ್ಲಿಕಾರ್ಜುನ ಕಣ್ಣು ಮುಚ್ಚಿಕೊಂಡಿದ್ದ. ನಾಲ್ಕಕ್ಕೆ ತಿರುಗಿಸಿದೆ. ಭರ್ರೋ ಅಂತ ಬಿಸಿಗಾಳಿ ಮುಖಕ್ಕೆ ಬಡಿಯಿತು. ಕಡಿಮೆ ವೇಗ ಕೊಡುವ ಬಿಡಿಭಾಗ ಮೊದಲೇ ಸುಟ್ಟಿತ್ತು ಅಂತ ಆಮೇಲೆ ಮೆಕ್ಯಾನಿಕ್ ಹೇಳಿದ. ಅಂದು ನನಗೆ ನಾಲ್ಕನೆಯದೊಂದೇ ಸಾಕಾಗಿತ್ತು. ಅಂಗಡಿಯವಳು ಕಂಬಳಿ ವಾಪಸು ತೆಗೆದುಕೊಳ್ಳಲಿಲ್ಲ. ಹುಳು ಇಳಿಸಿ ಬರುವಾಗ ಕೊಡು, ಈ ದಾರಿಯಲ್ಲೇ ತಾನೇ ಬರುತ್ತೀಯ ಅಂದಳು.

ಉಳಿದ ದಾರಿಯೆಲ್ಲ ಆ ಫ್ಯಾನಿನ ಅಬ್ಬರದಲ್ಲಿ ನಾವಿಬ್ಬರೂ ಕಿವುಡರ ಹಾಗೆ ಕೂಗಿ ಮಾತಾಡಿದೆವು. ಮುಂದಿನ ಗಾಜು ಕನ್ನಡಿಯಂತೆ ತಿಳಿಯಾಗಿತ್ತು. ಊರು ಮುಟ್ಟಿದಾಗ ಶಾರದ ಹುಳುಮನೆಯ ಬಾಗಿಲಲ್ಲೇ ನಿಂತಿದ್ದಳು. ಅವಳ ಮಾವ ಒಂದು ಮಾರು ದೂರದಲ್ಲಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು, ತನಗೂ ಇದಕ್ಕೂ ಸಂಬಂಧವಿಲ್ಲ ಅನ್ನುವ ಹಾಗೆ ಕೂತಿದ್ದರು.

ಟ್ರೇಗಳನ್ನು ಒಳಗೆ ಜೋಡಿಸಿ ಬಟ್ಟೆ ತೆಗೆದೆವು. ಒಂದೂ ಹುಳು ಅಲ್ಲಾಡುತ್ತಿರಲಿಲ್ಲ. ಜ್ವರದಲ್ಲಿ ಅಲ್ಲಾಡುವುದಿಲ್ಲ ಅಂತ ನನಗೆ ಗೊತ್ತು, ಶಾರದಳಿಗೂ ಗೊತ್ತು. ಆದರೆ ಥಂಡಿ ಹೊಡೆದ ಹುಳುವೂ ಹಾಗೇ ಕಾಣುತ್ತದೆ. ಮಾವ ನಿಧಾನಕ್ಕೆ ಎದ್ದು ಬಂದು ನೋಡಿದರು. "ಸತ್ತಾವ" ಅಂದರು. ಆ ಮಾತಿನಲ್ಲಿ ಗೆದ್ದ ಸಂತೋಷವಿರಲಿಲ್ಲ, ಅಯ್ಯೋ ಅನ್ನುವ ದನಿಯಿತ್ತು. ಶಾರದ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ಇಲ್ಲ ಮಾವಾರೆ, ಕಾಯಬೇಕು" ಅಂದೆ ನಾನು.

ಕಾದೆವು. ಊಟಕ್ಕೆ ಯಾರೂ ಏಳಲಿಲ್ಲ. ಹೊತ್ತು ಇಳಿಮುಖವಾದಾಗ ಟ್ರೇಯ ಮೂಲೆಯಲ್ಲಿ ಒಂದು ಹುಳು ತಲೆ ಆಡಿಸಿತು. ಪೊರೆಯಿಂದ ಹೊರಬಂದು ಆಚೆ ಈಚೆ ಹುಡುಕಾಡಿತು. ಅದರ ಪಕ್ಕ ಇನ್ನೊಂದು. ಸ್ವಲ್ಪ ಹೊತ್ತಿನಲ್ಲಿ ಟ್ರೇ ಟ್ರೇಗಳೇ ಮೆಲ್ಲಗೆ ಮಿಸುಕಾಡತೊಡಗಿದವು. ಶಾರದ ಸೆರಗು ಬಾಯಿಗೆ ಹಿಡಿದು ಅತ್ತಳು. ನಾನೂ ಅತ್ತೆ.

"ಏನ್ ಹುಡುಕಾಕತ್ಯಾವು ಅವು?" ಅಂತ ಮಾವ ಕೇಳಿದರು.

"ಸೊಪ್ಪು. ಜ್ವರ ಬಿಟ್ಟೈತೆ, ಹಸಿವು" ಅಂದೆ.

"ಮತ್ತ ಹಾಕ್ರಿ."

"ಈಗಲೇ ಹಾಕಬಾರದು ಮಾವಾರೆ. ಎಲ್ಲಾ ಏಳಲಿ. ಮುಂದೆದ್ದವಕ್ಕೆ ಮೊದಲೇ ಹಾಕಿದ್ರೆ ಹಿಂದಿನವು ಹಿಂದೇ ಉಳೀತವೆ, ಬೆಳೆ ಏರುಪೇರಾಗುತ್ತೆ. ಇನ್ನೂ ಸ್ವಲ್ಪ ಹೊತ್ತು ಕಾಯಬೇಕು."

ಅವರಿಗೆ ಸಿಟ್ಟು ಬಂತು. ನಿಜವಾದ ಸಿಟ್ಟು. "ಏನಮ್ಮಾ ನೀನು? ಅಷ್ಟು ದೂರದಿಂದ ಮನೀಗೆ ಕರಕೊಂಡು ಬಂದು, ಹಸದು ಬಂದೋರ್ನ ಉಪವಾಸ ಕೂಡಸ್ತೀಯೇನು? ಇದು ಯಾವ ಸೀಮಿ ಪದ್ಧತಿ? ನಮ್ಮ ಮನ್ಯಾಗ ಇಂಥದು ನಡಿಯಂಗಿಲ್ಲ" ಅಂದವರೇ ಗೋಡೆಗೆ ಒರಗಿಸಿದ್ದ ಕುಡುಗೋಲು ತೆಗೆದುಕೊಂಡು ಜಿನುಗು ಮಳೆಯಲ್ಲೇ ತೋಟಕ್ಕೆ ಹೋದರು. ಒಂದು ತೆಕ್ಕೆ ಸೊಪ್ಪು ಕುಯ್ದು ತಂದು, ತಮ್ಮ ಟವೆಲಿನಿಂದಲೇ ಎಲೆಗಳ ನೀರು ಒರೆಸುತ್ತಾ ಕೂತರು. ನಾನು ಹೇಳುವವರೆಗೂ ನನ್ನನ್ನು ಗುರಾಯಿಸುತ್ತಲೇ ಇದ್ದರು. ಎಲ್ಲ ಹುಳುವೂ ಎದ್ದ ಮೇಲೆ ಮೊದಲ ಹಿಡಿ ಸೊಪ್ಪನ್ನು ಅವರ ಕೈಯಿಂದಲೇ ಹಾಕಿಸಿದೆವು.

ತೋಟ ಈಗಲೂ ಇದೆ. ಗೂಡು ಬಿಡಿಸಿ ಮಾರುಕಟ್ಟೆಗೆ ಕಳಿಸುವ ದಿನ ಮಾವ ಹುಳುಮನೆಯ ಕಡೆ ತಲೆ ಹಾಕುವುದಿಲ್ಲ. ಅದು ಅವರ ಮನಸ್ಸು, ಅದನ್ನು ಯಾರೂ ಕೆಣಕುವುದಿಲ್ಲ. ಆದರೆ ಹೊಸ ಹುಳು ಬಂದ ದಿನ ಮೊದಲ ಸೊಪ್ಪು ಅವರದೇ. ನಾನು ಸಿಡುಕಿನ ಹೆಂಗಸು, ಯಾರಾದರೂ ಒಂದು ಮಾತು ಅಂದರೆ ಎರಡು ತಿರುಗಿಸಿ ಕೊಡುವವಳು. ಅಂದು ಅವರು ಬೈದಾಗ ಮಾತ್ರ ಬಾಯಿ ತೆರೆಯದೆ, ಹುಳುಮನೆಯ ನಡುವೆ ತಲೆ ತಗ್ಗಿಸಿ ನಿಂತುಕೊಂಡೆ. ಅಷ್ಟು ಸಂತೋಷದಿಂದ ನಾನು ಇನ್ಯಾರ ಕೈಯಲ್ಲೂ ಬೈಸಿಕೊಂಡಿಲ್ಲ.